ನಡುಕ ನಿಂತರೆ ಚಟ ಬಿಟ್ಟಂತೆಯೇ?

ಕೆಲವು ದಿನ ಬಿಡದೆ ಮಾರ್ಫಿನ್ ಕೊಟ್ಟ ಇಲಿಗೆ ನಲೋಕ್ಸೋನ್ ಚುಚ್ಚಿದರೆ, ನಿಮಿಷಗಳಲ್ಲೇ ಅದು ಕೆರೆಯಿಂದ ಎದ್ದುಬಂದ ನಾಯಿಯ ಹಾಗೆ ಮೈ ಕೊಡವತೊಡಗುತ್ತದೆ. ಹಲ್ಲು ಕಟಕಟ ಅನ್ನುತ್ತದೆ, ರೆಪ್ಪೆ ಜೋತು ಬೀಳುತ್ತದೆ, ಭೇದಿಯಾಗುತ್ತದೆ. ಮಾರ್ಫಿನ್ ಮುಟ್ಟದ ಇಲಿಗೆ ಅದೇ ನಲೋಕ್ಸೋನ್ ಕೊಡಿ, ಇಂಥದ್ದೇನೂ ಆಗುವುದಿಲ್ಲ. ನರಕೋಶಗಳಲ್ಲಿ ಮದ್ದು ಅಂಟುವ ತಾಣಗಳಾದ ಗ್ರಾಹಕಗಳ ಮೇಲೆ ಕೂತ ಮಾರ್ಫಿನ್ನನ್ನು ಎಬ್ಬಿಸಿ ಆ ಜಾಗ ಹಿಡಿಯುವುದಷ್ಟೇ ನಲೋಕ್ಸೋನ್ ಮಾಡುವ ಕೆಲಸ.

‘ಮನಸ್ಸು ಗಟ್ಟಿ ಇಲ್ಲದವರಿಗೇ ಈ ಪಾಡು’ ಎನ್ನುವವರು ಈ ಇಲಿಯನ್ನು ಒಮ್ಮೆ ನೋಡಬೇಕು. ಅದರ ಮನೋಬಲವನ್ನು ಯಾರು ಬೈಯುತ್ತಾರೆ?

ನಡೆಯುವುದು ಇಷ್ಟು. ಅಫೀಮಿನ ಜಾತಿಯ ಮದ್ದು ನರಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕವನ್ನು ತಗ್ಗಿಸುತ್ತದೆ. ಮದ್ದು ದಿನವೂ ಬರುತ್ತಿದ್ದರೆ ಕೋಶ ಸುಮ್ಮನಿರುವುದಿಲ್ಲ, ಆ ರಾಸಾಯನಿಕವನ್ನು ತಯಾರಿಸುವ ಶಕ್ತಿಯನ್ನೇ ಹೆಚ್ಚಿಸಿಕೊಂಡು ಸರಿದೂಗಿಸುತ್ತದೆ. 1975ರಲ್ಲಿ ಶರ್ಮಾ, ಕ್ಲೀ ಮತ್ತು ನಿರೆನ್‌ಬರ್ಗ್ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಇದನ್ನು ಕಂಡರು. ಬಾಗಿಲನ್ನು ಆಚೆಯಿಂದ ಯಾರೋ ದೂಡುತ್ತಿದ್ದರೆ ನಾವು ಈಚೆಯಿಂದ ಒತ್ತಿ ಹಿಡಿಯುತ್ತೇವೆ. ಆಚೆಯವರು ತಟ್ಟನೆ ಕೈಬಿಟ್ಟರೆ ಮುಗ್ಗರಿಸುವವರು ನಾವೇ. ಮದ್ದು ನಿಂತ ದಿನ ಮಿದುಳುಕಾಂಡದ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ಭಾಗದ ಕೋಶಗಳು ಹೀಗೆಯೇ ಹದ ತಪ್ಪಿ, ನಾರ್‌ಅಡ್ರಿನಲಿನ್ ಸುರಿಸತೊಡಗುತ್ತವೆ. ಬೆವರು, ಎದೆಬಡಿತ, ಚಡಪಡಿಕೆಗಳಲ್ಲಿ ಅದರ ಪಾಲು ದೊಡ್ಡದು. ರಕ್ತದೊತ್ತಡಕ್ಕೆ ಕೊಡುವ ಕ್ಲೋನಿಡಿನ್ ಆ ಕೋಶಗಳನ್ನು ತಣಿಸುತ್ತದೆಂದು 1978ರಲ್ಲಿ ಅಘಜೇನಿಯನ್ ಇಲಿಗಳಲ್ಲಿ ತೋರಿಸಿದರು. ಅದೇ ವರ್ಷ ಅದು ರೋಗಿಗಳಿಗೂ ನೆರವಾಯಿತು.

‘ಒಂದು ವಾರ ಕೋಣೆಯಲ್ಲಿ ಕೂಡಿಹಾಕಿ, ಮೈನಡುಕ ನಿಂತರೆ ಚಟವೂ ಬಿಟ್ಟಂತೆ’ ಎಂಬ ಮಾತಂತೂ ಊರೂರಲ್ಲಿ ಕೇಳುತ್ತದೆ. ಇದನ್ನು ಬುಡಮೇಲು ಮಾಡಿದ್ದು 1984ರಲ್ಲಿ ಬೊಝಾರ್ತ್ ಮತ್ತು ವೈಸ್ ಮಾಡಿದ ಪ್ರಯೋಗ. ಸಪೂರ ನಳಿಕೆಯಿಂದ ಇಲಿಯ ಮಿದುಳಿನ ಎರಡು ಬೇರೆ ಜಾಗಗಳಿಗೆ ಅವರು ಮಾರ್ಫಿನ್ ಬಿಟ್ಟರು. ಡೋಪಮಿನ್ ಕೋಶಗಳಿರುವ ಜಾಗಕ್ಕೆ ಬಿಟ್ಟಾಗ ಇಲಿ ಮತ್ತೆ ಮತ್ತೆ ಸನ್ನೆ ಒತ್ತಿ ಮದ್ದು ಪಡೆಯಿತು, ಆದರೆ ನಲೋಕ್ಸೋನ್ ಕೊಟ್ಟಾಗ ನರಳಲಿಲ್ಲ. ಮಿದುಳಿನ ನಡುನಾಳದ ಸುತ್ತಲಿನ ಭಾಗಕ್ಕೆ ಬಿಟ್ಟಾಗ ನರಳಿತು, ಸನ್ನೆಯ ಆಸೆ ಮಾತ್ರ ಹುಟ್ಟಲಿಲ್ಲ. ಮೈಗೆ ಒಗ್ಗುವುದು ಬೇರೆ, ಮನಸ್ಸು ಅಂಟುವುದು ಬೇರೆ, ಮಿದುಳಿನಲ್ಲಿ ಅವುಗಳ ತಾಣವೂ ಬೇರೆ.

ಕ್ಯಾನ್ಸರ್ ನೋವಿಗೆ ವೈದ್ಯರು ಮಾರ್ಫಿನ್ ಬರೆದರೆ ‘ಅಪ್ಪನಿಗೆ ಚಟ ಹತ್ತಿಬಿಟ್ಟರೆ?’ ಎಂದು ಮನೆಯವರು ಮಾತ್ರೆ ಮುಚ್ಚಿಡುವುದನ್ನು ಕಂಡು ನನಗೆ ಸಂಕಟವಾಗಿದೆ. ಅಪ್ಪನ ಮೈ ಮದ್ದಿಗೆ ಒಗ್ಗಬಹುದು. ಹಾಗೆಂದು ಅದು ಚಟವಲ್ಲ. ನಿಲ್ಲಿಸಬೇಕಾದಾಗ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ಚಟ ಹತ್ತಿದವರ ಕಥೆ ತಿರುವುಮುರುವು. ನಡುಕ ಹೋದರೂ ಸೆಳೆತ ಹೋಗಿರುವುದಿಲ್ಲ. ಹೆರಾಯಿನ್ ಬಿಡಿಸಿದ ಇಲಿ, ದಿನಗಳು ಕಳೆದ ಮೇಲೂ ಕಾಲಿಗೆ ಸಣ್ಣ ವಿದ್ಯುತ್ ಆಘಾತವಾದರೆ ಸಾಕು, ಹಳೆಯ ಸನ್ನೆಯತ್ತ ಓಡುತ್ತದೆ.

‘ಮೊದಲು ತಡೆದುಕೊಂಡ ಪ್ರಮಾಣ ಈಗಲೂ ತಡೆದೀತು’ ಎಂಬ ನಂಬಿಕೆ ಜೀವ ತೆಗೆಯುವಂಥದ್ದು. 1982ರಲ್ಲಿ ಸೀಗಲ್ ಮತ್ತು ಸಂಗಡಿಗರು ಇಲಿಗಳಿಗೆ ಭಾರೀ ಪ್ರಮಾಣದ ಹೆರಾಯಿನ್ ಕೊಟ್ಟರು. ಹೆರಾಯಿನ್ ಕಾಣದ ಇಲಿಗಳಲ್ಲಿ ಸತ್ತದ್ದು ನೂರಕ್ಕೆ 96. ರೂಢಿಯಿದ್ದವುಗಳಲ್ಲಿ, ಯಾವಾಗಲೂ ಮದ್ದು ಸಿಗುತ್ತಿದ್ದ ಜಾಗದಲ್ಲೇ ಕೊಟ್ಟಾಗ 32. ಅದೇ ರೂಢಿಯ ಇಲಿಗಳಿಗೆ ಬೇರೆ ಜಾಗದಲ್ಲಿ ಕೊಟ್ಟಾಗ 64. ಮೈಯ ತಡೆಯುವ ಶಕ್ತಿಗೆ ಜಾಗದ ನೆನಪೂ ಬೇಕು. ಬಿಟ್ಟು ಕೆಲವು ವಾರ ಕಳೆದರಂತೂ ಆ ಶಕ್ತಿಯೇ ಕರಗಿರುತ್ತದೆ. ಚಿಕಿತ್ಸೆ ಮುಗಿಸಿಯೋ ಜೈಲಿನಿಂದಲೋ ಮನೆಗೆ ಬಂದವರಿಗೆ ಮೊದಲ ವಾರಗಳೇ ಅತಿ ಅಪಾಯದವು. ಹಳೆಯ ಲೆಕ್ಕದಲ್ಲಿ ಒಮ್ಮೆ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಆಗ ಉಸಿರನ್ನು ಮರಳಿ ತರುವ ಮದ್ದು, ಇಲಿಯನ್ನು ನಡುಗಿಸಿದ ಅದೇ ನಲೋಕ್ಸೋನ್.