ಕಲಾದಗಿಯ ಮಡಿಕೆಗಳೂ ಡಿಕ್ಕಿಯ ಪ್ರಶ್ನೆಯೂ

1885ರಲ್ಲಿ ಜಿಲ್ಲಾ ಕೇಂದ್ರದ ಪಟ್ಟವನ್ನು ವಿಜಾಪುರಕ್ಕೆ (ಇಂದಿನ ವಿಜಯಪುರಕ್ಕೆ) ಬಿಟ್ಟುಕೊಟ್ಟ ಕಲಾದಗಿಯ ಹೆಸರು ಭೂವಿಜ್ಞಾನದಲ್ಲಿ ಮಾತ್ರ ಹಿಂದೆ ಸರಿಯಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್, ದಕ್ಷಿಣ ಮರಾಠಾ ಸೀಮೆಯ ಶಿಲೆಗಳನ್ನು ಕುರಿತು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಘಟಪ್ರಭಾ–ಮಲಪ್ರಭಾ ಸೀಮೆಯ ಪದರುಶಿಲೆಗಳಿಗೆ, ಅಂದರೆ ಮರಳು, ಜೇಡಿ, ಸುಣ್ಣಗಳು ನೀರಿನಡಿ ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲುಗಳಿಗೆ, ಆ ಊರಿನ ಹೆಸರನ್ನೇ ಇಟ್ಟಿದ್ದರು.

ಇಂದು ಈ ಶಿಲೆಗಳನ್ನು ಬಾಗಲಕೋಟೆ ಗುಂಪು, ಬಾದಾಮಿ ಗುಂಪು ಎಂದು ಎರಡಾಗಿ ವಿಂಗಡಿಸುತ್ತಾರೆ. ಕೆಳಗಿನ ಬಾಗಲಕೋಟೆ ಗುಂಪಿನ ಪದರುಗಳು ಬಾಗಿ ಮಡಿಕೆಗಳಾಗಿದ್ದರೆ, ಚಾಲುಕ್ಯರು ಗುಹಾಲಯಗಳನ್ನು ಕೊರೆದ ಬಾದಾಮಿಯ ಕೆಂಪು ಮರಳುಗಲ್ಲು ಬಹುಮಟ್ಟಿಗೆ ಸಮತಲವಾಗಿಯೇ ಉಳಿದಿದೆ. ರಾಮದುರ್ಗದ ಬಳಿ ಓರೆಯಾದ ಪದರುಗಳ ಕೊಯ್ದ ತಲೆಯ ಮೇಲೆ ಮಟ್ಟಸವಾದ ಪದರುಗಳು ಕೂತಿರುವುದು ಕಾಣುತ್ತದೆ. ಕೋನೀಯ ಅಸಂಗತಿಯೆಂದು ಕರೆಯಲಾಗುವ ಈ ಗೆರೆಯೊಂದರಲ್ಲೇ, ಹಳೆಯ ಶಿಲೆ ಮಡಿಚಿ, ಮೇಲೆದ್ದು, ಸವೆದು, ಮತ್ತೆ ಹೂಳಿನಡಿ ಹೋದ ಇಡೀ ಕ್ರಮ ಅಡಗಿದೆ.

ಮಡಿಕೆ ಕಂಡಲ್ಲೆಲ್ಲ ಭೂಫಲಕಗಳ ಡಿಕ್ಕಿಯನ್ನು ಊಹಿಸುವುದು ಸುಲಭ. ಆದರೆ ಕಲಾದಗಿ ಆ ಊಹೆಗೆ ಸಲೀಸಾಗಿ ಒಗ್ಗುವುದಿಲ್ಲ. ಡಿಕ್ಕಿಯ ಒತ್ತಡವಾಗಿದ್ದರೆ ಪದರುಗಳ ಜೊತೆಗೆ ತಳದ ಪುರಾತನ ಶಿಲೆಯೂ ನಲುಗಬೇಕಿತ್ತು. ಇಲ್ಲಿ ತಳವು ಆ ಮಡಿಕೆಗಳಲ್ಲಿ ಪಾಲುಗೊಂಡಿಲ್ಲವೆಂಬ ಕಾರಣಕ್ಕೆ, ಮೇಲಿನ ಪದರುಗಳಷ್ಟೇ ಸ್ವಂತ ಭಾರದಿಂದ ಇಳಿಜಾರಿನಲ್ಲಿ ಜಾರಿ ಮಡಿಚಿಕೊಂಡಿರಬೇಕೆಂದು ಇತ್ತೀಚಿನ ಅಧ್ಯಯನಗಳು ವಾದಿಸಿವೆ, ಮತ್ತು ಆ ವಾದವೇ ಹೆಚ್ಚು ನಂಬಲರ್ಹವಾಗಿ ತೋರುತ್ತದೆ.

ನಿಜವಾದ ಡಿಕ್ಕಿಯ ಸುಳಿವು ಇನ್ನೂ ಹಳೆಯ ಧಾರವಾಡ ಶಿಲೆಗಳಲ್ಲಿದೆ. ಚಿತ್ರದುರ್ಗ ಪಟ್ಟಿಯ ಗ್ರೇವ್ಯಾಕೆ ಎಂಬ ಮಾಸಲು ಬಣ್ಣದ ಮರಳುಗಲ್ಲಿನಲ್ಲಿ ಮೂಲೆಗಳು ಸವೆಯದ, ಬೆರಕೆ ಜಾತಿಯ ಚೂರುಗಳಿದ್ದು, ಸಮೀಪದ ಎತ್ತರದಿಂದಲೋ ಜ್ವಾಲಾಮುಖಿ ಸಾಲಿನಿಂದಲೋ ಅವು ಅವಸರದಲ್ಲಿ ಬಂದು ಬಿದ್ದುದನ್ನು ಸೂಚಿಸುತ್ತವೆ; ಅದರೊಳಗಿನ ಜಿರ್ಕಾನ್ ಕಣಗಳಲ್ಲಿ ಯುರೇನಿಯಂ ಎಷ್ಟು ಪ್ರಮಾಣದಲ್ಲಿ ಸೀಸವಾಗಿದೆಯೆಂದು ಅಳೆದರೆ ಆ ಚೂರುಗಳ ತವರುಶಿಲೆಯ ವಯಸ್ಸು ತಿಳಿಯುತ್ತದೆ. ಪಶ್ಚಿಮ ಮತ್ತು ಪೂರ್ವ ಧಾರವಾಡ ಭೂಖಂಡಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಬೆಸೆದುಕೊಂಡವೆಂಬ ಮತಕ್ಕೆ ಇಂಥ ಕಣಗಳ ಸಾಕ್ಷ್ಯವೂ ಸೇರಿದೆ.

ಕಲಾದಗಿಯ ಮಡಿಕೆಗಳು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಚಾಚಿರುವುದರಿಂದ ಜಾರಿಕೆಯ ಇಲ್ಲವೇ ಒತ್ತಡದ ಮೂಲವನ್ನು ಉತ್ತರ–ದಕ್ಷಿಣ ದಿಕ್ಕಿನಲ್ಲಿ ಹುಡುಕಬೇಕು. ಆದರೆ ಉತ್ತರದಲ್ಲಿ ಈ ಪದರುಗಳು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಹರಿವಿನಡಿ ಸೇರಿಹೋಗುತ್ತವೆ. ವಿಜಯಪುರದ ಇಬ್ರಾಹಿಂಪುರ ನಿಂತಿರುವುದು ಆ ಲಾವಾ ಆರಿ ಗಟ್ಟಿಯಾದ ಕರಿಕಲ್ಲಿನ ಮೇಲೆ, ತಿಕೋಟಾ–ಬಬಲೇಶ್ವರದ ಎರೆ ಹೊಲಗಳು ಹುಟ್ಟಿರುವುದೂ ಅದೇ ಕಲ್ಲಿನಿಂದ; ಹೀಗಾಗಿ ಅಲ್ಲಿ ಎಷ್ಟು ಬಾವಿ ತೋಡಿದರೂ ಮೊದಲು ಸಿಗುವುದು ಲಾವಾದ ಕಲ್ಲೇ.