ಅವ್ವನ ಬೆರಳು, ಅವ್ವನ ಒಸಡು

ಅವ್ವ ಗದಗಿನ ಕಡೆಯಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದರೆ ಬೆಳಗ್ಗೆ ಆರಕ್ಕೇ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಕೆಳಗಿನ ಮನೆಯ ಮರಾಠಿ ಅಜ್ಜಿಗೆ ಅದೇ ಅಲಾರಂ. ನಾಲ್ಕು ವರ್ಷಗಳ ಹಿಂದೆ ಆ ಸದ್ದು ಹತ್ತು ಗಂಟೆಗೆ ಸರಿಯಿತು. "ಏನಿಲ್ಲಪಾ, ಮುಂಜಾನೆ ಮುಷ್ಟಿ ಮಡಚಾಕ ಬರವಲ್ತು, ಹೊತ್ತೇರಿದ ಮ್ಯಾಲೆ ಸಡಲ ಆಗ್ತಾವ" ಎಂದಳು. ವಯಸ್ಸು ಎಂದೆ ನಾನು. ಮುಂಬಯಿಯ ಹಸಿ ಗಾಳಿ ಎಂದಳು ನನ್ನ ಹೆಂಡತಿ. ಎಣ್ಣೆ ತಂದುಕೊಟ್ಟು ನಾನು 7.42ರ ಲೋಕಲ್ ಹಿಡಿದೆ. ಹೀಗೆ ಎರಡು ವರ್ಷ ಕಳೆದವು.

ಒಂದು ರಾತ್ರಿ ಅವಳ ಎಡಗೆನ್ನೆ ಊದಿಕೊಂಡಿತು. ಜ್ವರ ಬಂತು. ಬಾಯಿ ಎರಡು ಬೆರಳಿನಷ್ಟೂ ತೆರೆಯದು, ಉಗುಳು ನುಂಗಲು ಆಗದು. ಆಸ್ಪತ್ರೆಯಲ್ಲಿ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕಿಯೊಬ್ಬರು ನೋಡಿದರು. ಕೆಳದವಡೆಯ ಹುಳುಕು ಹಲ್ಲಿನ ಬೇರಿನಿಂದ ಕೀವು ಇಳಿದು ಗದ್ದದ ಕೆಳಗೆ ಹರಡುತ್ತಿತ್ತು. ನಾಲಿಗೆಯ ಅಡಿ ಎರಡೂ ಬದಿಗೆ ಇಂಥ ಸೋಂಕು ಹರಡಿ ಬಾವು ಉಸಿರನ್ನೇ ಕಟ್ಟುವ ಸ್ಥಿತಿಯನ್ನು 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ವಿವರಿಸಿದ್ದಾನೆ, ಇಂದಿಗೂ ಅದಕ್ಕೆ ಅವನದೇ ಹೆಸರು. ಅವ್ವನಿಗೆ ಅಲ್ಲಿಯವರೆಗೆ ಹೋಗಲಿಲ್ಲ. ಕೀವು ತೆಗೆದರು, ಹಲ್ಲು ಕಿತ್ತರು.

ಮರುದಿನ ಗಾಯ ನೋಡಲು ಬಂದ ಆ ವೈದ್ಯೆ ಅವ್ವನ ಕೈ ಹಿಡಿದು, "ಈ ಬೆರಳು ಯಾವಾಗಿನಿಂದ ಹೀಗಿವೆ?" ಎಂದು ಕೇಳಿದರು. ಹತ್ತು ಜನ ಬಂಧುಗಳು, ಮಗನಾದ ನಾನು, ಯಾರೂ ಕೇಳದ ಪ್ರಶ್ನೆ ಅದು. ಎರಡೂ ಕೈಯ ಸಣ್ಣ ಕೀಲುಗಳಲ್ಲಿ ಬಾವು, ಬೆಳಗಿನ ಬಿಗಿತ ಒಂದು ಗಂಟೆಗೂ ಹೆಚ್ಚು. ಇದು ಸವೆತದ ಮಂಡಿನೋವಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು ಎಂದು ಕೀಲುತಜ್ಞರ ಬಳಿ ಕಳಿಸಿದರು. ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂತು.

ಹಾಗಾದರೆ ಹಲ್ಲಿನಿಂದಲೇ ಕೀಲು ಕೆಟ್ಟಿತೇ? ನಾನು ಕೇಳಿದೆ. ಹಾಗೆ ಹೇಳಲಾಗದು ಎಂದರು. ಆಮೇಲೆ ಲೋಕಲ್‌ನಲ್ಲಿ ಕೂತು ಓದಲು ಶುರುಮಾಡಿದೆ (ಕೂರಲು ಜಾಗ ಸಿಕ್ಕ ದಿನ ಅನ್ನಿ).

ಈ ಪ್ರಶ್ನೆ ಹಳೆಯದು. 1900ರ ಸುಮಾರಿಗೆ ಲಂಡನ್ನಿನ ವಿಲಿಯಂ ಹಂಟರ್ ಎಂಬ ವೈದ್ಯ ಬಾಯಿಯ ಕೊಳೆಯೇ ಹಲವು ರೋಗಗಳ ಮೂಲ ಎಂದು ವಾದಿಸಿದ. ಅದು ಅಮೆರಿಕದಲ್ಲಿ ಗಾಳಿಯಂತೆ ಹಬ್ಬಿ, ಕೀಲುನೋವು ಎಂದು ಬಂದವರ ಹಲ್ಲುಗಳನ್ನೂ ಟಾನ್ಸಿಲ್‌ಗಳನ್ನೂ ಸಾಲಾಗಿ ಕಿತ್ತುಹಾಕಿದರು. ಮೊದಲು ಅದನ್ನೇ ನಂಬಿದ್ದ ರಸೆಲ್ ಸೆಸಿಲ್ 1938ರಲ್ಲಿ ಸಹೋದ್ಯೋಗಿಯೊಂದಿಗೆ 200 ರೋಗಿಗಳ ಲೆಕ್ಕ ನೋಡಿ, ಕಿತ್ತಿದ್ದರಿಂದ ಹೇಳಿಕೊಳ್ಳುವ ಲಾಭವಿಲ್ಲ ಎಂದು ಒಪ್ಪಿಕೊಂಡ. ತಾನು ನಂಬಿದ್ದನ್ನು ತಾನೇ ಅಳೆದು ನೋಡಿದ ಆ ಮನುಷ್ಯನ ಬಗ್ಗೆ ನನಗೆ ಗೌರವ.

ವಿಷಯ ಮತ್ತೆ ಎದ್ದದ್ದು ಬೇರೆ ದಾರಿಯಿಂದ. ನಮ್ಮ ಪ್ರೋಟೀನುಗಳಲ್ಲಿ ಆರ್ಜಿನಿನ್ ಎಂಬ ಒಂದು ತುಣುಕನ್ನು ಸಿಟ್ರುಲಿನ್ ಆಗಿ ಬದಲಿಸುವ ಕಿಣ್ವಗಳಿವೆ. ಹಾಗೆ ವೇಷ ಬದಲಿಸಿದ ಪ್ರೋಟೀನನ್ನು ಕೆಲವರ ರೋಗನಿರೋಧಕ ವ್ಯವಸ್ಥೆ ಪರಕೀಯ ಎಂದು ತಿಳಿದು ದಾಳಿ ಮಾಡುತ್ತದೆ. ಆಂಟಿ-ಸಿಸಿಪಿ ಪರೀಕ್ಷೆ ಹುಡುಕುವುದು ಆ ದಾಳಿಕೋರರನ್ನೇ. ಕೀಲು ನೋಯುವ ವರ್ಷಗಳ ಮೊದಲೇ ಅವು ರಕ್ತದಲ್ಲಿ ಇರಬಲ್ಲವು. ಅಂದರೆ ಜಗಳ ಕೀಲಿನಲ್ಲಲ್ಲ, ಬೇರೆಲ್ಲೋ ಹುಟ್ಟಿರಬೇಕು. ಒಸಡಿನ ಸಂದಿಯಲ್ಲಿ ಬೆಳೆಯುವ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದಲ್ಲೂ ಅಂಥದೇ ಕಿಣ್ವವಿದೆ ಎಂಬುದು 1999ರಲ್ಲಿ ಪ್ರಕಟವಾಯಿತು. 2016ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಇನ್ನೊಂದು ಒಸಡಿನ ಬ್ಯಾಕ್ಟೀರಿಯಾವನ್ನು ತೋರಿಸಿದರು. ಅದು ಬಿಡುವ ವಿಷ ಬಿಳಿರಕ್ತಕಣಗಳನ್ನು ಕೆಡಿಸಿ ಈ ಬದಲಾವಣೆಯನ್ನು ಹುಚ್ಚೆಬ್ಬಿಸುತ್ತದೆ. 2023ರ ಇನ್ನೊಂದು ಅಧ್ಯಯನದಲ್ಲಿ, ಒಸಡುರೋಗವಿದ್ದ ಸಂಧಿವಾತಿಗಳ ರಕ್ತದಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳ ಕುರುಹು ಮತ್ತೆ ಮತ್ತೆ ಕಂಡಿತು.

ಆದರೆ ಒಸಡು ಶುಚಿ ಮಾಡಿದರೆ ಕೀಲು ಗುಣವಾಗುತ್ತದೆಯೇ? ಚಿಕ್ಕ ಪ್ರಯೋಗಗಳಲ್ಲಿ ಕೆಲವು ಹೌದು ಎಂದಿವೆ, ಕೆಲವು ವ್ಯತ್ಯಾಸವಿಲ್ಲ ಎಂದಿವೆ. ಇನ್ನೊಂದು ಮಗ್ಗುಲೂ ಇದೆ. ಬೆರಳು ಮಡಚದವರು ಬ್ರಷ್ ಹಿಡಿಯುವುದಾದರೂ ಹೇಗೆ? ಅವ್ವ ಎರಡು ವರ್ಷ ಬ್ರಷ್ ಬಿಟ್ಟು ತೋರುಬೆರಳಲ್ಲಿ ಮಿಶ್ರಿ ತಿಕ್ಕುತ್ತಿದ್ದಳಂತೆ, ನೋವಿಗೂ ಅದೇ ಔಷಧ ಎಂದು. ಸುಟ್ಟ ತಂಬಾಕಿನ ಪುಡಿ! ಒಸಡಿಗೆ ಶತ್ರು. ನನಗೆ ಗೊತ್ತೇ ಇರಲಿಲ್ಲ.

ಈಗ ಬ್ರಷ್ಷಿನ ಹಿಡಿಕೆಗೆ ಹಳೆಯ ಸೀರೆಯ ತುಂಡು ಸುತ್ತಿ ದಪ್ಪ ಮಾಡಿಕೊಟ್ಟಿದ್ದೇವೆ. ಮೆಥೊಟ್ರೆಕ್ಸೇಟ್ ಗುಳಿಗೆ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಚೀಟಿ ಇಂಗ್ಲಿಷಿನಲ್ಲಿ, ಅಂಗಡಿಯವನು ಹೇಳುವುದು ಮರಾಠಿಯಲ್ಲಿ, ಅವ್ವನಿಗೆ ಬರುವುದು ಕನ್ನಡ. ಅದಕ್ಕೇ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ "ಐತವಾರ" ಎಂದು ಬರೆದಿದ್ದೇನೆ. ಹೋದ ವರ್ಷ ಮೂಳೆ ಸವೆದಿದೆ ಎಂದು ಜೊಲೆಡ್ರೊನಿಕ್ ಇಂಜೆಕ್ಷನ್ ಕೊಡುವ ಮೊದಲು ಕೀಲುತಜ್ಞರು ದಂತವೈದ್ಯರ ಬಳಿ ಅಟ್ಟಿದರು. ಆ ಔಷಧ ಪಡೆದ ಮೇಲೆ ಹಲ್ಲು ಕೀಳಿಸಿದರೆ ಅಪರೂಪಕ್ಕೆ ದವಡೆಯ ಮೂಳೆ ಮಾಯದೆ ಸಾಯುತ್ತದಂತೆ. 2003ರಿಂದೀಚೆಗೆ ವೈದ್ಯರು ಗುರುತಿಸಿದ ತೊಂದರೆ ಇದು. ನಿಮ್ಮ ಮನೆಯಲ್ಲೂ ಇಂಥ ಇಂಜೆಕ್ಷನ್ ಮಾತು ಬಂದಿದ್ದರೆ ಹಲ್ಲಿನ ವಿಚಾರ ಮೊದಲು ಕೇಳಿ.

ಆರು ತಿಂಗಳಿಗೊಮ್ಮೆ ಒಸಡು ತೋರಿಸಲು ಹೊರಟಾಗಲೆಲ್ಲ ಅವ್ವನದು ಒಂದೇ ತಕರಾರು: "ನೋಯೂದು ಬಟ್ಟು, ಹಲ್ಲಿನ ಡಾಕ್ಟರಗ ಯಾಕ ರೊಕ್ಕ ಸುರೀತಿ?" ರೊಟ್ಟಿ ಬಡಿಯುವ ಸದ್ದು ಈಗ ಎಂಟಕ್ಕೆ ಕೇಳುತ್ತದೆ. ದಿನಕ್ಕೆ ನಾಲ್ಕೇ ರೊಟ್ಟಿ, ಸ್ವಲ್ಪ ದಪ್ಪ.