ಪದವಿಗೆ ಸೇರಿದ ಮಕ್ಕಳ ವಸತಿ: ಪೋಷಕರು ಅರಿತಿರಬೇಕಾದ ಕೆಲವು ಸಂಗತಿಗಳು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಬಳಿಕ ಶ್ರೀಮಠಕ್ಕೆ ಬರುವ ಸದ್ಭಕ್ತರ ಮಾತಿನ ವಿಷಯವೇ ಬದಲಾಗುತ್ತದೆ. ಪೂಜ್ಯರ ಪಾದಕ್ಕೆರಗಿದ ಕೂಡಲೇ "ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಬುದ್ಧಿ, ಇರೋಕೆ ಮಾತ್ರ ಜಾಗ ಸಿಕ್ಕಿಲ್ಲ" ಎನ್ನುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಿಂದ ಬರುವವರಲ್ಲಿ ಈ ಅಳಲು ಸಾಮಾನ್ಯ. ಕಾಲೇಜು ಪ್ರವೇಶಕ್ಕೆ ಪಡುವ ಶ್ರಮದ ಅರ್ಧವನ್ನೂ ವಸತಿಗಾಗಿ ಯಾರೂ ಪಡುವುದಿಲ್ಲ. ಮೊದಲ ವರ್ಷದಲ್ಲಿಯೇ ಓದು ನಿಲ್ಲಿಸಿದ ಮಕ್ಕಳನ್ನು ವಿಚಾರಿಸಿದಾಗಲೆಲ್ಲ ಕಾರಣ ಪಾಠದಲ್ಲಿರದೆ ಬಸ್ಸಿನಲ್ಲಿಯೋ ಬಾಡಿಗೆಯಲ್ಲಿಯೋ ಇದ್ದುದನ್ನು ನಾವು ಕಂಡಿದ್ದೇವೆ.

ಬಹುತೇಕ ಪೋಷಕರ ಮೊದಲ ಆಯ್ಕೆ ದಿನನಿತ್ಯದ ಪ್ರಯಾಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಗಂಡುಮಕ್ಕಳಿಗೆ ರಿಯಾಯಿತಿ ದರದ ವಿದ್ಯಾರ್ಥಿ ಪಾಸ್ ಉಂಟು. ಶ್ರೀರಂಗಪಟ್ಟಣ ಮತ್ತು ಪಾಂಡವಪುರದವರಿಗೆ ಮೈಸೂರು–ಬೆಂಗಳೂರು ರೈಲುಮಾರ್ಗದ ಅನುಕೂಲವೂ ಇದೆ. ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಪಟ್ಟಣಗಳಿಗೆ ಆ ಭಾಗ್ಯವಿಲ್ಲ. ಮೊದಲನೆಯ ತಾಲ್ಲೂಕಿನವರು ಅಕ್ಕಿಹೆಬ್ಬಾಳು, ಮಂದಗೆರೆಗಳ ನಿಲ್ದಾಣಕ್ಕೂ ಎರಡನೆಯವರು ಬಿ.ಜಿ. ನಗರಕ್ಕೂ ಹೋಗಿ ರೈಲು ಹಿಡಿಯಬೇಕು. ಹಾಗಾಗಿ ಅಲ್ಲಿನ ಮಕ್ಕಳಿಗೆ ಬಸ್ಸೇ ಗತಿ.

ಬಸ್ಸಿನ ದರ ಇಲ್ಲಿ ಪ್ರಶ್ನೆಯಲ್ಲ, ಹೊತ್ತು ಪ್ರಶ್ನೆ. ಗಡಿಭಾಗದ ಹಳ್ಳಿಯೊಂದರ ಹೆಣ್ಣುಮಗಳು ಬಿ.ಎಸ್ಸಿ. ಪದವಿಗೆ ಸೇರಿದ್ದಳು. ಪ್ರಯೋಗಾಲಯದ ತರಗತಿ ಮುಗಿಯುವುದು ಸಂಜೆ ನಾಲ್ಕೂವರೆಗೆ. ಊರಿಗೆ ಕಡೆಯ ಬಸ್ಸು ಹೊರಡುವುದು ಅದಕ್ಕೂ ಮೊದಲೇ. ಮೊದಲ ತಿಂಗಳು ಅರ್ಧಕ್ಕೇ ಎದ್ದು ಬಂದಳು. ಆಮೇಲೆ ಆ ತರಗತಿಗೇ ಹೋಗುವುದನ್ನು ಬಿಟ್ಟಳು. ಹಾಜರಾತಿ ಶೇಕಡಾ 75ಕ್ಕಿಂತ ಕೆಳಗಿಳಿದು ಪರೀಕ್ಷೆಗೆ ಕೂರಲಾಗದೆ ಹೋದಾಗ ಮನೆಯವರು ಮಗಳನ್ನೇ ಬೈದರು. ನಮ್ಮ ಬಳಿಗೆ ಅವರು ಬಂದದ್ದು ವರ್ಷ ಕಳೆದ ಮೇಲೆ. ಪ್ರವೇಶ ಪಡೆಯುವ ದಿನವೇ ವೇಳಾಪಟ್ಟಿ ಕೇಳಿ, ಊರಿನ ಬಸ್ಸಿನ ವೇಳೆಯೊಡನೆ ಹೋಲಿಸಿ ನೋಡಿದ್ದರೆ ವಿಷಯ ಅಂದೇ ತಿಳಿಯುತ್ತಿತ್ತು.

ಎರಡನೆಯ ದಾರಿ ಸರ್ಕಾರಿ ವಿದ್ಯಾರ್ಥಿನಿಲಯ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆಯೂ ಇತರ ಹಿಂದುಳಿದವರಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯೂ ಮೆಟ್ರಿಕ್ ನಂತರದ ನಿಲಯಗಳನ್ನು ನಡೆಸುತ್ತವೆ. ವೀರಶೈವ ಲಿಂಗಾಯತರು 3ಬಿ ಪ್ರವರ್ಗದಲ್ಲಿ ಬರುವುದರಿಂದ, ಕುಟುಂಬದ ವಾರ್ಷಿಕ ಆದಾಯ ನಿಗದಿತ ಮಿತಿಯೊಳಗಿದ್ದರೆ ನಮ್ಮವರ ಮಕ್ಕಳೂ ಅರ್ಜಿ ಹಾಕಬಹುದು. "ಸರ್ಕಾರಿ ಹಾಸ್ಟೆಲು ನಮಗಲ್ಲ" ಎಂಬ ತಪ್ಪು ಕಲ್ಪನೆ ನಮ್ಮ ರೈತ ಕುಟುಂಬಗಳಲ್ಲಿ ಇನ್ನೂ ಬೇರೂರಿದೆ. ಅದು ಅಜ್ಞಾನವೋ ಹುಸಿ ಬಿಗುಮಾನವೋ ಹೇಳಲಾರೆವು, ನಷ್ಟವಂತೂ ಮಕ್ಕಳಿಗೇ. ಅಲ್ಲಿ ಊಟ ಮತ್ತು ವಸತಿ ಎರಡೂ ಉಚಿತ.

ಅರ್ಜಿ ಸಲ್ಲಿಕೆ ಆನ್‌ಲೈನ್ ಮೂಲಕ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿಯೇ ಪಡೆದಿರಬೇಕು. ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿಸಿ ಇನ್ನೊಂದು ಹೆಸರು ಇದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಇದನ್ನು ಬೇಸಿಗೆ ರಜೆಯಲ್ಲಿಯೇ ಸರಿಪಡಿಸಿಕೊಳ್ಳುವುದು ಲೇಸು; ಅರ್ಜಿಯ ಕಡೆಯ ದಿನ ಸೈಬರ್ ಸೆಂಟರಿನ ಮುಂದೆ ನಿಂತು ಪರಿತಪಿಸುವುದರಿಂದ ಫಲವಿಲ್ಲ.

ನಿಲಯದಲ್ಲಿ ಸ್ಥಾನ ದೊರೆಯದಿದ್ದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. 2013–14ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆ ಇಂಥವರಿಗಾಗಿಯೇ ರೂಪುಗೊಂಡಿತು. ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಯ ಸಹಾಯವಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೀಡುವುದು ಅದರ ಮೂಲ ಸ್ವರೂಪ. ಹಣ ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ ಬರುತ್ತದೆ.

ಮಠಗಳ ಉಚಿತ ಪ್ರಸಾದನಿಲಯಗಳ ವಿಚಾರ ನಮ್ಮ ಭಕ್ತರಿಗೆ ಹೊಸದಲ್ಲ. ಹಿಂದೆ ಬಡ ಹುಡುಗರು ವಾರಾನ್ನ ಉಂಡು, ಅಂದರೆ ದಿನಕ್ಕೊಂದು ಮನೆಯಲ್ಲಿ ಊಟ ಮಾಡಿ ಓದಬೇಕಿತ್ತು. ಆ ಮನೆಗಳೂ ಎಲ್ಲ ಜಾತಿಯ ಹುಡುಗರಿಗೆ ತೆರೆದಿರಲಿಲ್ಲ. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆಯು ನಮ್ಮ ಸಮಾಜದ ಮಕ್ಕಳಿಗೆ ಉಚಿತ ವಿದ್ಯಾರ್ಥಿನಿಲಯ ಕಲ್ಪಿಸಿತು. ಸುತ್ತೂರಿನ ಡಾ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಮೈಸೂರಿನಲ್ಲಿ ವಿದ್ಯಾರ್ಥಿಗಳ ಅನ್ನಕ್ಕಾಗಿ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂದು ಹಿರಿಯ ಭಕ್ತರು ಇಂದಿಗೂ ಹೇಳಿ ಕಣ್ತುಂಬಿಕೊಳ್ಳುತ್ತಾರೆ. ಅವರು 1954ರಲ್ಲಿ ಸ್ಥಾಪಿಸಿದ ಜೆಎಸ್‌ಎಸ್ ಮಹಾವಿದ್ಯಾಪೀಠದ ಹಿಂದೆ ಇದ್ದುದು ಅದೇ ದಾಸೋಹದ ಮನಸ್ಸು. ಸಿದ್ಧಗಂಗೆಯಲ್ಲಿ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದ್ದು ನಾಡೇ ಬಲ್ಲ ಸಂಗತಿ. ಅವರು ಲಿಂಗೈಕ್ಯರಾದ ಜನವರಿ 21 ಈಗ ದಾಸೋಹ ದಿನ.

ಮಠದ ನಿಲಯಗಳಲ್ಲಿ ನಿಯಮ ಬಿಗಿ. ಬೆಳಗಿನ ಜಾವ ಏಳಬೇಕು, ಸಾಮೂಹಿಕ ಪ್ರಾರ್ಥನೆಗೆ ಬರಬೇಕು, ಉಂಡ ತಟ್ಟೆ ತಾವೇ ತೊಳೆಯಬೇಕು, ಅನುಮತಿಯಿಲ್ಲದೆ ರಾತ್ರಿ ಹೊರಗುಳಿಯಬಾರದು. ಇವು ಓದಿಗೆ ನೆರವಾಗುತ್ತವೆಂದೇ ನಮ್ಮ ನಂಬಿಕೆ. ಆದರೆ ನಿಯಮ ಮಾಡಿದವರು ತಪ್ಪುವುದೂ ಉಂಟು. ಕೆಲವು ವರ್ಷಗಳ ಹಿಂದೆ ನಾವು ಸಂಜೆ ಆರೂವರೆಗೆ ದ್ವಾರ ಮುಚ್ಚುವ ಪದ್ಧತಿ ಇಟ್ಟಿದ್ದೆವು. ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಊರಿಗೆ ಹಣ ಕಳುಹಿಸುತ್ತಿದ್ದ ಹುಡುಗನೊಬ್ಬ ಮೂರು ಸಲ ತಡವಾಗಿ ಬಂದನೆಂದು ತಂದೆಯನ್ನು ಕರೆಸಿದೆವು. ತಂದೆ ಕೈಮುಗಿದು ನಿಂತರು, ಮಗ ತುಟಿ ಬಿಚ್ಚಲಿಲ್ಲ. ಅವನು ಹೊರಟುಹೋದ ಮೇಲೆ ಸಹಪಾಠಿಗಳಿಂದ ಕಾರಣ ತಿಳಿಯಿತು. ಪೂಜ್ಯರು ನಮ್ಮನ್ನು ಕರೆದು "ನೀವು ಅವನನ್ನು ಕೇಳಿದಿರಾ?" ಎಂದಷ್ಟೇ ನುಡಿದರು. ಕೇಳಿರಲಿಲ್ಲ. ಈಗ ಲಿಖಿತ ಮನವಿ ಕೊಟ್ಟವರಿಗೆ ಎಂಟರವರೆಗೆ ಅವಕಾಶವಿದೆ. ಆ ಹುಡುಗ ಮರಳಿ ಬರಲಿಲ್ಲ.

ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಪೀಡಿಸುವುದು ಯಾವ ನಿಲಯದಲ್ಲಿಯೂ ಸಲ್ಲದು. 1983ರ ಕರ್ನಾಟಕ ಶಿಕ್ಷಣ ಕಾಯಿದೆಯಲ್ಲಿಯೇ ರ‍್ಯಾಗಿಂಗ್‌ಗೆ ಶಿಕ್ಷೆಯಿದೆ. ಯುಜಿಸಿ 2009ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ವಿದ್ಯಾರ್ಥಿ ಮತ್ತು ಪೋಷಕರಿಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಅದಕ್ಕೆ ಓದದೆ ಸಹಿ ಮಾಡಬೇಡಿರಿ. ಸಹಾಯವಾಣಿ 1800–180–5522ನ್ನು ಮಗುವಿನ ಪುಸ್ತಕದಲ್ಲಿ ಬರೆದಿಡಿರಿ.

ಬಾಡಿಗೆ ಕೋಣೆ ಕಡೆಯ ಮಾರ್ಗ. ಮುಂಗಡ ಕೊಡುವಾಗ ರಸೀದಿ ಪಡೆಯಿರಿ. ಬಿಡುವಾಗ ಎಷ್ಟು ಹಿಂದಿರುಗುತ್ತದೆ, ನೀರು ಮತ್ತು ವಿದ್ಯುತ್ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೇ ಎಂಬುದನ್ನು ಬರೆಯಿಸಿಕೊಳ್ಳಿರಿ. ಕೋಣೆಯನ್ನು ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ನೋಡಿರಿ. ಇನ್ನು ನೆಂಟರ ಮನೆ. ಅಲ್ಲಿ ಖರ್ಚಿಲ್ಲವೆಂದು ಹಲವರು ಭಾವಿಸುತ್ತಾರೆ. ಆದರೆ ಸಂಕೋಚಕ್ಕೆ ಮಗು ಮನೆಗೆಲಸಕ್ಕೆ ನಿಂತು ಪುಸ್ತಕ ಮುಟ್ಟಲು ರಾತ್ರಿ ಹತ್ತಾಗುವುದನ್ನು ಬಲ್ಲವರೇ ಬಲ್ಲರು.

ದಾಖಲೆಗಳ ಬಗೆಗೆ ಸಂದೇಹವಿರುವ ಪೋಷಕರು ಸೋಮವಾರ ಹೊರತು ಯಾವುದೇ ದಿನ ಶ್ರೀಮಠದ ಕಾರ್ಯಾಲಯಕ್ಕೆ ಬರಬಹುದು. ಮೂಲಪತ್ರಗಳ ಜೊತೆಗೆ ಮಗುವನ್ನೂ ಕರೆತನ್ನಿರಿ. ನಾವು ಮೊದಲು ಮಗುವಿನೊಡನೆ ಮಾತನಾಡುತ್ತೇವೆ.